ಬೆಂಗಳೂರಲ್ಲಿ ಶನಿವಾರ, ಭಾನುವಾರ: ಏನು ಸಿಕ್ಕಿತು, ಏನು ಕೈತಪ್ಪಿತು? ಹಾಸನ, ಚಿಕ್ಕಮಗಳೂರಿನವರು ಬರೆಯಿರಿ

ಹಾಸನದ ಹೈದ
ಭಾನುವಾರ ರಾತ್ರಿ 10:50

ಈಗಷ್ಟೇ ಮನೆಗೆ ಬಂದು ಬ್ಯಾಗು ಇಳಿಸಿದೆ. ನಿನ್ನೆ ಬೆಳಿಗ್ಗೆ ಹೆಂಡತಿ, ಮಗಳ ಜೊತೆ ಬೆಂಗಳೂರಿಗೆ ಹೋಗಿದ್ದೆ. ತಂಗಿ ಮದುವೆಗೆ ಸೀರೆ ತರುವುದು ಮುಖ್ಯ ಕೆಲಸ, ಉಳಿದಿದ್ದೆಲ್ಲ ದಾರಿಯಲ್ಲಿ ಸಿಕ್ಕಿದ್ದು. ಲೆಕ್ಕ ಹಾಕಿದರೆ ಲಾಭವೇ ಸ್ವಲ್ಪ ಜಾಸ್ತಿ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನೀವೂ ನಿಮ್ಮದು ಹೇಳಿ.

ಮೊದಲನೇ ಲಾಭ ಮಾದಾವರ. ನೆಲಮಂಗಲ ದಾಟಿ ತುಮಕೂರು ರಸ್ತೆಗೆ ಬಂದ ಮೇಲೆ ಅಲ್ಲೇ ಇಳಿದುಬಿಟ್ಟೆವು. ಕಂಡಕ್ಟರ್‌ಗೆ ಮೊದಲೇ ಹೇಳಿಟ್ಟಿದ್ದೆ. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರದವರೆಗೆ ಮೆಟ್ರೋ ಬಂದ ಮೇಲೂ ನಮ್ಮವರು ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕೂರುತ್ತಾರಲ್ಲ, ಯಾಕೆ ಅಂತ ನನಗೆ ಗೊತ್ತಾಗುವುದಿಲ್ಲ. ಅದು ಮೊದಲ ಸ್ಟೇಷನ್, ಕೂರಲು ಜಾಗ ಸಿಗುತ್ತದೆ. ಗೊರಗುಂಟೆಪಾಳ್ಯ ಬಂದಾಗ ಕೆಳಗೆ ಗಾಡಿಗಳು ನಿಂತಿದ್ದವು, ನಾವು ಮೇಲೆ ಹೋಗುತ್ತಿದ್ದೆವು. ಹೆಂಡತಿ ಕಿಟಕಿಯಿಂದ ಬಗ್ಗಿ ನೋಡಿ "ಆ ಕೆಂಪು ಬಸ್ಸು ನಮ್ದೇ ಇರಬೇಕು ಅಲ್ವಾ?" ಅಂದಳು.

ಆಮೇಲೆ ಚಿಕ್ಕಪೇಟೆ. ಅದೇ ಹಸಿರು ಮಾರ್ಗದಲ್ಲಿ ಸ್ಟೇಷನ್ ಇದೆ, ರೈಲು ಬದಲಾಯಿಸುವ ಗೋಜೇ ಇಲ್ಲ. ಅಂಗಡಿಯವರು ಚಪ್ಪಲಿ ಬಿಡಿಸಿ ಬಿಳಿ ಹಾಸಿನ ಮೇಲೆ ಕೂರಿಸಿದರು. ಹುಡುಗ ಒಂದೊಂದೇ ಸೀರೆಯ ಮಡಿಕೆ ಬಿಚ್ಚಿ ತನ್ನ ಹೆಗಲ ಮೇಲೇ ಸೆರಗು ಹಾಕಿಕೊಂಡು ತೋರಿಸುತ್ತಿದ್ದ. ಇವಳು ಏನೂ ಮಾತಾಡಲಿಲ್ಲ. ಒಂದು ಸೀರೆಯ ಅಂಚನ್ನು ಮಗುಚಿ, ಹಿಂದುಗಡೆ ಜರಿ ಎಳೆ ಹೇಗೆ ಓಡಿದೆ ಅಂತ ಉಗುರಿನಲ್ಲಿ ಸವರಿ ನೋಡಿದಳು ಅಷ್ಟೇ. ಗಲ್ಲಾದಲ್ಲಿದ್ದ ಯಜಮಾನರ ಧಾಟಿಯೇ ಬದಲಾಯಿತು. "ಅಮ್ಮಾ ಸ್ವಲ್ಪ ಇರಿ, ಇದು ಬೇಡ ನಿಮಗೆ. ಒಳಗಿಂದ ತರಿಸ್ತೀನಿ" ಅಂದರು. ಒಳಗಿಂದ ಬಂದಿದ್ದರಲ್ಲಿ ಎರಡು ತೆಗೆದುಕೊಂಡೆವು. ಹೇಳಿದ ಬೆಲೆಗಿಂತ ಸಾವಿರದ ಚಿಲ್ಲರೆ ಕಮ್ಮಿ ಆಯಿತು. ಚೌಕಾಸಿ ಮಾಡಿದ್ದು ಅವಳು, ಚೀಲ ಹಿಡಿದಿದ್ದು ನಾನು. ಒಂದು ಮಾತು: ಚಿಕ್ಕಪೇಟೆಗೆ ಶನಿವಾರವೇ ಹೋಗಿ. ಭಾನುವಾರ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ.

ಸಾಯಂಕಾಲ ರಂಗಶಂಕರದಲ್ಲಿ ನಾಟಕ. ಅಲ್ಲಿ ಶುರುವಾದ ಮೇಲೆ ಯಾರೇ ಬಂದರೂ ಒಳಗೆ ಬಿಡುವುದಿಲ್ಲ, 2004ರಲ್ಲಿ ಶುರುವಾದಾಗಿನಿಂದ ಅದೇ ಶಿಸ್ತು. ಆರ್.ವಿ. ರೋಡ್‌ನಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ರಾಗಿಗುಡ್ಡದಲ್ಲಿ ಇಳಿದು ಆಟೋ ಹಿಡಿದೆವು. ಬಾಗಿಲು ಮುಚ್ಚುವ ಮೊದಲು ಸಾಬುದಾನಿ ವಡೆ ತಿನ್ನಲೂ ಟೈಮ್ ಸಿಕ್ಕಿತು. ಇದನ್ನು ದೊಡ್ಡ ಗೆಲುವು ಅಂತಲೇ ಬರೆದುಕೊಳ್ಳುತ್ತೇನೆ.

ಈಗ ನಷ್ಟ. ರಾತ್ರಿ ಹನುಮಂತನಗರದ ಅತ್ತೆ ಮನೆಯಲ್ಲಿ ಉಳಿದು ಇವತ್ತು ಕಡಲೆಕಾಯಿ ಪರಿಷೆಗೆ ಹೋದೆವು. ಕಾರ್ತಿಕದ ಕೊನೇ ಸೋಮವಾರ ನಾಳೆ ಇದ್ದರೂ ಜನ ಇವತ್ತೇ ನೆರೆದಿದ್ದರು. ದೊಡ್ಡ ಬಸವಣ್ಣನ ಗುಡಿ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಆ ನೂಕುನುಗ್ಗಲಲ್ಲಿ ಮಗಳ ಎಡಗಾಲಿನ ಚಪ್ಪಲಿ ಹೋಯಿತು. ಬಗ್ಗಿ ಹುಡುಕಲು ಜನ ಬಿಟ್ಟರೆ ತಾನೆ? ಬಲಗಾಲಿನದ್ದು ಹಾಸನದವರೆಗೂ ಬಂದಿದೆ. ಯಾಕೆ ತಂದಿರಿ ಅಂತ ಕೇಳಬೇಡಿ.

ಇನ್ನೊಂದು ನಷ್ಟ ಗೆಳೆಯ. ಕಾಲೇಜಲ್ಲಿ ಒಂದೇ ಬೆಂಚು ನಾವು. ಈಗ ವೈಟ್‌ಫೀಲ್ಡ್‌ನಲ್ಲಿದ್ದಾನೆ. "ಇಲ್ಲಿವರೆಗೂ ಬಂದು ಸಿಗದೇ ಹೋಗ್ತೀಯಾ" ಅಂದ. "ನೀನೇ ಬಾ" ಅಂದೆ. ಇಬ್ಬರೂ ಹೋಗಲಿಲ್ಲ.

ಕಾಫಿಕಣ
ಭಾನುವಾರ ರಾತ್ರಿ 11:20

ಎಂತ ಮಾರಾಯ್ರೆ, ಒಂದು ಚಪ್ಪಲಿ ಹೊತ್ತುಕೊಂಡು 180 ಕಿ.ಮೀ. ಬಂದ್ರಾ! ಪರಿಷೆಯಲ್ಲಿ ಕಳೆದದ್ದು ಬಸವಣ್ಣನ ಪಾಲು ಅಂದುಕೊಳ್ಳಿ. ಮೊದಲು ಅಲ್ಲಿನ ರೈತರ ಕಡಲೆಕಾಯಿ ಹೊಲಕ್ಕೆ ಬಸವ ನುಗ್ಗಿ ಮೇಯುತ್ತಿತ್ತಂತೆ, ಆಮೇಲೆ ಮೊದಲ ಫಸಲು ಅದಕ್ಕೇ ಅಂತ ಹರಕೆ ಹೊತ್ತರಂತೆ. ನಿಮ್ಮ ಮಗಳ ಚಪ್ಪಲಿಯೂ ಆ ಲೆಕ್ಕಕ್ಕೆ.

ನಾನೂ ಇದೇ ಶನಿವಾರ ಬೆಂಗಳೂರಲ್ಲಿದ್ದೆ. ಅರೇಬಿಕಾ ಹಣ್ಣು ಕೊಯ್ಯುವ ಕಾಲ, ತೋಟ ಬಿಟ್ಟು ಹೋಗುವ ಹೊತ್ತಲ್ಲ. ಆದರೆ ಮಗಳು ಹಾಸ್ಟೆಲಿಂದ ಪಿ.ಜಿ.ಗೆ ಸಾಮಾನು ಸಾಗಿಸಬೇಕು ಅಂದಳು. ಸಾಮಾನು ಹೊತ್ತು ಮುಗಿದ ಮೇಲೆ "ಅಪ್ಪ, ನಿಮಗೆ ಒಳ್ಳೇ ಕಾಫಿ ಕುಡಿಸ್ತೀನಿ" ಅಂತ ಇಂದಿರಾನಗರದ ಒಂದು ಕಾಫಿ ಅಂಗಡಿಗೆ ಕರೆದುಕೊಂಡು ಹೋದಳು. ಮೆನುವಿನಲ್ಲಿ "ಚಿಕ್ಕಮಗಳೂರು, ಸಿಂಗಲ್ ಎಸ್ಟೇಟ್, ವಾಶ್ಡ್ ಅರೇಬಿಕಾ" ಅಂತ ಇತ್ತು. ಒಂದು ಕಪ್ಪಿಗೆ 290 ರೂಪಾಯಿ.

ನಾನು ಬೆಳೆಗಾರ, ಲೆಕ್ಕ ಹಾಕದೆ ಇರಲು ಆಗುತ್ತದಾ? ಆರು ಕೆ.ಜಿ. ಆಸುಪಾಸು ಹಣ್ಣು ಕೊಯ್ದರೆ ಒಂದು ಕೆ.ಜಿ. ಒಣ ಬೀಜ. ಹುರಿದರೆ ಅದರಲ್ಲೂ ನೂರಕ್ಕೆ 15ರಿಂದ 20 ಭಾಗ ತೂಕ ಹೋಗುತ್ತದೆ. ಹುರಿದ ಒಂದು ಕೆ.ಜಿ.ಯಲ್ಲಿ ಕಪ್ಪಿಗೆ 15 ಗ್ರಾಂ ಹಿಡಿದರೂ 65 ಕಪ್ಪು ಮೇಲೆ ಆಗುತ್ತದೆ. ಗುಣಿಸಿ ನೋಡಿ. ಕರವಸ್ತ್ರದ ಮೇಲೆ ಪೆನ್ನಲ್ಲಿ ಬರೆದು ಮಗಳಿಗೆ ತೋರಿಸಿದೆ. "ಅಪ್ಪಾ, ಮೆಲ್ಲಗೆ" ಅಂದಳು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಕಾಫಿ ಸೋಸಿ ಕೊಟ್ಟ ಹುಡುಗ ಬಂದು "ಸರ್, ಇದರಲ್ಲಿ ಕಿತ್ತಳೆ, ಬೆಲ್ಲದ ಛಾಯೆ ಗೊತ್ತಾಗುತ್ತೆ" ಅಂದ. ನಾನು ಮೂಸಿ ನೋಡಿ, ಕಿತ್ತಳೆ ತೋಟದ ಮಧ್ಯೆ ಇದ್ದರೂ ಕಾಫಿಗೆ ಆ ವಾಸನೆ ಬರೋದು ಗಿಡದಿಂದಲ್ಲ ಮಾರಾಯ, ಹಣ್ಣಿನ ಸಿಪ್ಪೆ ತೆಗೆದು ಪಲ್ಪ್ ಮಾಡಿದ ಮೇಲೆ ಬೀಜವನ್ನು ಎಷ್ಟು ಹೊತ್ತು ಹುಳಿ ಬರಲು ಬಿಟ್ಟು ತೊಳೆದಿದ್ದಾರೆ ಅನ್ನೋದ್ರಿಂದ ಅಂದೆ. ಅವನು ಕುರ್ಚಿ ಎಳೆದು ಕೂತೇಬಿಟ್ಟ. ತೊಟ್ಟಿ ಎಷ್ಟು ಆಳ, ಚಳಿಗಾಲದಲ್ಲಿ ಜಾಸ್ತಿ ಹೊತ್ತು ಬೇಕಾಗುತ್ತದಾ, ತೊಳೆದ ಬೀಜ ಬೆರಳಲ್ಲಿ ಉಜ್ಜಿದರೆ ಗರಗರ ಅನ್ನಬೇಕು ಅಂತಾರಲ್ಲ ನಿಜವಾ, ಎಲ್ಲ ಕೇಳಿದ. ಎರಡನೇ ಕಪ್ಪು ಅವನ ಲೆಕ್ಕದಲ್ಲೇ ಬಂತು. ಅಂದರೆ ಕಪ್ಪಿಗೆ 145 ಬಿತ್ತು. ಲಾಭ ಅಂತ ಬರೆಯಲಾ, ನಷ್ಟ ಅಂತ ಬರೆಯಲಾ, ನೀವೇ ಹೇಳಿ.

ಹೊಳೆ ದಂಡೆ
ಭಾನುವಾರ ರಾತ್ರಿ 11:41

ನಷ್ಟ! ಮಲ್ಲೇಶ್ವರದಲ್ಲೋ ಗಾಂಧಿ ಬಜಾರಲ್ಲೋ ನಿಂತುಕೊಂಡು ಫಿಲ್ಟರ್ ಕಾಫಿ ಕುಡಿದಿದ್ದರೆ ಚಿಲ್ಲರೆ ಕಾಸಲ್ಲಿ ಮುಗಿಯುತ್ತಿತ್ತು.

ಕಾಫಿಕಣ
ಭಾನುವಾರ ರಾತ್ರಿ 11:46

ಅಕ್ಕಾ, ಆ ಕಾಫಿಯಲ್ಲಿ ಚಿಕೋರಿ ಎಷ್ಟು ಅಂತ ಕೇಳಿದ್ದೀರಾ? ಮಿಶ್ರಣದ ಪುಡಿಯಲ್ಲಿ ನೂರಕ್ಕೆ 49ರವರೆಗೂ ಚಿಕೋರಿ ಹಾಕಲು ಕಾನೂನೇ ಬಿಡುತ್ತದೆ. ರುಚಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಬೆಳಿಗ್ಗೆ ಅದೇ. ತೋಟದ ಮನೆಯಲ್ಲಿ ಕೂತು ಚಿಕೋರಿ ಕಾಫಿ, ಬೆಂಗಳೂರಲ್ಲಿ ಕೂತು ತೋಟದ ಕಾಫಿ. ಹೀಗಾಗಿದೆ ನೋಡಿ.

ಹೊಳೆ ದಂಡೆ
ಸೋಮವಾರ ಬೆಳಿಗ್ಗೆ 6:55

ನನ್ನದೂ ಬರೆಯುತ್ತೇನೆ. ನಾನು ಹೊಳೆನರಸೀಪುರದವಳು, ಹಾಸನದಲ್ಲಿ ಕೆಲಸ. ಹೋದ ತಿಂಗಳು ಇಬ್ಬರು ಗೆಳತಿಯರ ಜೊತೆ ಹೋಗಿದ್ದೆ. ಹೋಗಿ ಬರುವ ಬಸ್ಸಿನ ಖರ್ಚು ಸೊನ್ನೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥವರಿಗೆ ಬೆಂಗಳೂರು ಹತ್ತಿರವಾಗಿದೆ. ಮೊದಲು ಯಾರಾದರೂ ಮದುವೆಯೋ ಆಸ್ಪತ್ರೆಯೋ ಅಂದರೆ ಮಾತ್ರ ಹೊರಡುತ್ತಿದ್ದೆವು. ಈಗ ಸುಮ್ನೆ ಹೋಗಿ ಬರಬಹುದು. ಈ "ಸುಮ್ನೆ" ಅನ್ನುವುದಕ್ಕೆ ಎಷ್ಟು ಬೆಲೆ ಅಂತ ಗಂಡಸರಿಗೆ ಹೇಳಿ ತಿಳಿಸುವುದು ಕಷ್ಟ. ರಾಜಹಂಸ, ಐರಾವತಕ್ಕೆ ಈ ಸೌಲಭ್ಯ ಇಲ್ಲ, ಕೆಂಪು ಬಸ್ಸೇ ಹತ್ತಬೇಕು. ನಮಗೇನೂ ತೊಂದರೆ ಆಗಲಿಲ್ಲ.

ಬಸ್ಸಲ್ಲಿ ಉಳಿದ ದುಡ್ಡನ್ನು ಹೊಟ್ಟೆಗೆ ಹಾಕಿದೆವು. ವಿದ್ಯಾರ್ಥಿ ಭವನದ ಮುಂದೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ನಿಂತಿದ್ದು, ಹೆಸರು ಕೂಗಿದಾಗ ಮೂವರೂ ಒಟ್ಟಿಗೆ "ಇಲ್ಲೇ ಇದೀವಿ" ಅಂತ ಕಿರುಚಿದ್ದು. 1943ರಿಂದ ಇರುವ ಜಾಗ, ದೋಸೆ ತಟ್ಟೆಗಳನ್ನು ತೋಳಿನ ಉದ್ದಕ್ಕೂ ಒಂದರ ಮೇಲೊಂದು ಜೋಡಿಸಿಕೊಂಡು ಬರುವುದನ್ನು ನೋಡುವುದೇ ಒಂದು ಚಂದ. ಶುಕ್ರವಾರ ರಜೆ, ನೆನಪಿರಲಿ.

ನಷ್ಟ ಅಂದರೆ ಆಟೋ. ಗಾಂಧಿ ಬಜಾರಿಂದ ಜಯನಗರ ನಾಲ್ಕನೇ ಬ್ಲಾಕಿಗೆ ಒಬ್ಬರು 150 ಅಂದರು. ಮೀಟರ್ ಲೆಕ್ಕ ನನಗೆ ಬಾಯಿಪಾಠ: 2025ರ ಆಗಸ್ಟ್‌ನಿಂದ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಮೂರು ಕಿ.ಮೀ. ಅಂದರೆ 54 ಆಗುತ್ತದೆ. ಹೇಳಿದೆ. "ಮೇಡಂ, ಅದನ್ನ ಬರೆದವರನ್ನೇ ಕರ್ಕೊಂಡು ಬನ್ನಿ, ಓಡಿಸ್ಲಿ" ಅಂದರು. ನಗು ಬಂತು, ಹತ್ತಲಿಲ್ಲ. ಮೂರನೆಯವರು ಮೀಟರ್ ಮೇಲೆ 20 ಅಂದರು, ಹತ್ತಿದೆವು. ಸೋತ ಹಾಗೂ ಅಲ್ಲ, ಗೆದ್ದ ಹಾಗೂ ಅಲ್ಲ.

ಒಂಟಿ ಸೀಟು
ಸೋಮವಾರ ಬೆಳಿಗ್ಗೆ 7:30

ಫ್ರೀ ಬಸ್ಸಿನಿಂದ ದುಡ್ಡು ಕೊಟ್ಟು ಹೋಗುವ ನಾವು ಚನ್ನರಾಯಪಟ್ಟಣದವರೆಗೆ ನಿಂತುಕೊಂಡು ಹೋಗಬೇಕು. ಅದು ಯಾರ ನಷ್ಟದ ಲೆಕ್ಕಕ್ಕೆ?

ಹೊಳೆ ದಂಡೆ
ಸೋಮವಾರ ಬೆಳಿಗ್ಗೆ 7:34

ಶಕ್ತಿ ಬರುವ ಮೊದಲು ನಿಮಗೆ ಸೀಟು ಸಿಗುತ್ತಿತ್ತಾ ಸಾರ್? ನಾನು ಹತ್ತನೇ ಕ್ಲಾಸಿಂದ ನಿಂತೇ ಓಡಾಡಿದ್ದೇನೆ, ಅದೂ ಟಿಕೆಟ್ ತಗೊಂಡು.

ಒಂಟಿ ಸೀಟು
ಸೋಮವಾರ ಬೆಳಿಗ್ಗೆ 7:36

ಬಸ್ಸು ಜಾಸ್ತಿ ಬಿಡಲಿ ಅಂತ ಹೇಳಿದೆ ಅಷ್ಟೇ ಅಕ್ಕ.

ವೇದಿಕೆ ನಿರ್ವಾಹಕ
ಸೋಮವಾರ ಬೆಳಿಗ್ಗೆ 7:50

ಇಲ್ಲಿಗೆ ಸಾಕು. ಶಕ್ತಿ ಬಗ್ಗೆ ಬೇರೆ ಚರ್ಚೆ ಇದೆ, ಅಲ್ಲಿ ಮನಸ್ಸು ಬಿಚ್ಚಿ ಬೈದಾಡಿ. ಇಲ್ಲಿ ಬೆಂಗಳೂರು.

ಎಂಟನೇ ಮೈಲಿ
ಸೋಮವಾರ ಬೆಳಿಗ್ಗೆ 9:15

ನೀವೆಲ್ಲ ಅದೃಷ್ಟವಂತರು. ನಾನು ಹಾಸನದವನೇ, ಬೆಂಗಳೂರಲ್ಲಿ ಬಾಡಿಗೆ ಮನೆ. ನಿಮ್ಮದು ಉಲ್ಟಾ ಪ್ರಯಾಣ, ಅದನ್ನು ಯಾರೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಊರಿಗೆ ಊರೇ ಬೆಂಗಳೂರಿಂದ ಸಕಲೇಶಪುರ, ಚಿಕ್ಕಮಗಳೂರು ಅಂತ ಹೊರಗೆ ಹೊರಟಿರುತ್ತದೆ, ನೀವು ಖಾಲಿ ಇರುವ ಪಕ್ಕದಲ್ಲಿ ಒಳಗೆ ಬರುತ್ತೀರಿ. ಭಾನುವಾರ ಸಂಜೆ ಅವರೆಲ್ಲ ವಾಪಸ್ ಬರುವಾಗ ನೀವು ಹೊರಗೆ. ಅದಕ್ಕೇ ಲಾಭ ಜಾಸ್ತಿ ಕಾಣುತ್ತಿದೆ.

ನನ್ನ ಕತೆ ಕೇಳಿ. ಶುಕ್ರವಾರ ಆಫೀಸ್ ಮುಗಿಸಿ ಬ್ಯಾಗು ಹೆಗಲಿಗೆ ಹಾಕಿಕೊಂಡು ತುಮಕೂರು ರಸ್ತೆಯಲ್ಲಿ ನಿಲ್ಲುತ್ತೇನೆ. ಮೆಜೆಸ್ಟಿಕ್‌ನಲ್ಲೇ ತುಂಬಿಕೊಂಡು ಬಂದ ಬಸ್ಸುಗಳು. ಕೆಲವು ಪೀಣ್ಯ ಫ್ಲೈಓವರ್ ಮೇಲೆ ಹೋಗಿಬಿಡುತ್ತವೆ, ಕೆಳಗೆ ನಿಂತವನಿಗೆ ಅವುಗಳ ಸದ್ದು ಮಾತ್ರ. ಆ ಫ್ಲೈಓವರ್ 2021ರ ಕೊನೆಗೆ ಮುಚ್ಚಿ, ದೊಡ್ಡ ಗಾಡಿಗಳಿಗೆ ಮತ್ತೆ ಬಿಟ್ಟಿದ್ದು 2024ರಲ್ಲಿ. ಅಲ್ಲಿವರೆಗೆ ಎಲ್ಲ ಬಸ್ಸೂ ಕೆಳಗೇ ತೆವಳುತ್ತಿದ್ದವು. ಜಾಲಹಳ್ಳಿ ಕ್ರಾಸ್, ದಾಸರಹಳ್ಳಿಯಲ್ಲಿ ಹತ್ತುವವರಿಗೆ ಮಾತ್ರ ಅದೊಂದು ಸೌಭಾಗ್ಯ. ಒಬ್ಬರ ಲಾಭ ಇನ್ನೊಬ್ಬರ ನಷ್ಟ.

ನೆಲಮಂಗಲ ದಾಟಿದರೆ ಆಮೇಲೆ ಪರವಾಗಿಲ್ಲ. ಕುಣಿಗಲ್, ಬೆಳ್ಳೂರು ಕ್ರಾಸ್, ಹಿರೀಸಾವೆ ಹೋಗಿದ್ದೇ ಗೊತ್ತಾಗುವುದಿಲ್ಲ. ಮನೆ ಬಾಗಿಲು ತಟ್ಟುವ ಹೊತ್ತಿಗೆ ಅಮ್ಮ ಅರ್ಧ ನಿದ್ದೆಯಲ್ಲಿ ಸಾರು ಬಿಸಿ ಮಾಡುತ್ತಿರುತ್ತಾಳೆ.

ನನ್ನ ಪಾಲಿನ ಒಂದೇ ಒಂದು ದೊಡ್ಡ ಗೆಲುವು ಹೇಳುತ್ತೇನೆ: ಸೋಮವಾರದ ಮೆಟ್ರೋ. ಬೇರೆ ದಿನ ಬೆಳಿಗ್ಗೆ 5ಕ್ಕೆ ಶುರು, ಸೋಮವಾರ ಮಾತ್ರ 4:15ಕ್ಕೆ. ಊರಿಂದ ರಾತ್ರಿ ಬಸ್ಸಲ್ಲಿ ಬಂದು ಇಳಿಯುವವರಿಗೋಸ್ಕರವೇ 2025ರ ಜನವರಿಯಲ್ಲಿ ಹಾಗೆ ಮಾಡಿದರು. ಇವತ್ತೂ ಅದರಲ್ಲೇ ಬಂದೆ. ಬೋಗಿ ತುಂಬಾ ಊರಿಂದ ಬಂದವರೇ. ಒಬ್ಬರ ಕಾಲಡಿ ತೆಂಗಿನಕಾಯಿ ಚೀಲ, ಒಬ್ಬರ ತೊಡೆ ಮೇಲೆ ಉಪ್ಪಿನಕಾಯಿ ಜಾಡಿ, ನನ್ನ ಹತ್ತಿರ ರಾಗಿ ಹಿಟ್ಟು. ಆದರೆ ಭಾನುವಾರ ನೆನಪಿಟ್ಟುಕೊಳ್ಳಿ, ಅವತ್ತು 7ಕ್ಕೇ ಶುರು. ಶನಿವಾರ ರಾತ್ರಿ ಬಸ್ಸಿಗೆ ಹೊರಟು ಭಾನುವಾರ ನಸುಕಿಗೆ ಮೆಜೆಸ್ಟಿಕ್‌ನಲ್ಲಿ ಇಳಿದರೆ ಸೊಳ್ಳೆ ಹೊಡೆಯುತ್ತಾ ಕೂರಬೇಕು.

ಅರಸೀಕೆರೆ ಜಂಕ್ಷನ್
ಸೋಮವಾರ ಬೆಳಿಗ್ಗೆ 10:05

ಇಷ್ಟು ಜನ ಬರೆದಿರಿ, ಒಬ್ಬರ ಬಾಯಲ್ಲೂ ರೈಲು ಬರಲಿಲ್ಲ! ಹಾಸನಕ್ಕೆ ಬೆಂಗಳೂರಿನ ನೇರ ರೈಲು ಮಾರ್ಗ 1996–97ರ ಹೊತ್ತಿಗೆ ಮಂಜೂರಾಗಿ, ಮುಗಿದಿದ್ದು 2017ರ ಮಾರ್ಚ್‌ನಲ್ಲಿ. ಇಪ್ಪತ್ತು ವರ್ಷ ಕಾದು ಸಿಕ್ಕಿದ್ದು ಮಾರಾಯ್ರೆ. ಅದಕ್ಕೆ ಮೊದಲು ನಮ್ಮ ಅರಸೀಕೆರೆ ಕಡೆಯಿಂದಲೋ ಮೈಸೂರು ಕಡೆಯಿಂದಲೋ ಸುತ್ತಿ ಬರಬೇಕಿತ್ತು. ಈಗ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಸೀದಾ ಯಶವಂತಪುರ. ಬೆಳಿಗ್ಗೆ ಇಂಟರ್‌ಸಿಟಿ ಹತ್ತಿದರೆ ತಿಂಡಿ ಹೊತ್ತು ಮುಗಿಯುವ ಮುಂಚೆ ಬೆಂಗಳೂರು. ಯಶವಂತಪುರದಲ್ಲಿ ಇಳಿದರೆ ಅದೇ ಹಸಿರು ಮಾರ್ಗದ ಮೆಟ್ರೋ. ಟೋಲ್ ಇಲ್ಲ, ನೆಲಮಂಗಲದ ಜಾಮ್ ಇಲ್ಲ, ಹಿರೀಸಾವೆ ಹತ್ತಿರ ಹೋಟೆಲಿಗೆ ನಿಲ್ಲಿಸಿ ಕಾಯುವುದಿಲ್ಲ.

ಕಿಟಕಿ ಪಕ್ಕ ಕೂತು ಶ್ರವಣಬೆಳಗೊಳ ಬರುವಾಗ ಬೆಟ್ಟದ ಮೇಲೆ ಗೊಮ್ಮಟನ ತಲೆ ಕಾಣುತ್ತದಾ ಅಂತ ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡುತ್ತಾರೆ. ಅದಕ್ಕೇ ಟಿಕೆಟ್ ದುಡ್ಡು ವಸೂಲಿ.

ಎಂಟನೇ ಮೈಲಿ
ಸೋಮವಾರ ಬೆಳಿಗ್ಗೆ 10:20

ರೈಲು ಒಳ್ಳೆಯದೇ ಗುರು. ಆದರೆ ಶುಕ್ರವಾರ ಸಂಜೆ ಅದು ಹೊರಡುವ ಹೊತ್ತಿಗೆ ನಾನಿನ್ನೂ ಮೀಟಿಂಗಲ್ಲಿರುತ್ತೇನೆ. ಬಸ್ಸು ತಪ್ಪಿದರೆ ಹಿಂದೆ ಇನ್ನೊಂದು ಬರುತ್ತದೆ. ರೈಲು ತಪ್ಪಿದರೆ ಆ ವಾರ ಊರೇ ತಪ್ಪಿತು.

ಅರಸೀಕೆರೆ ಜಂಕ್ಷನ್
ಸೋಮವಾರ ಬೆಳಿಗ್ಗೆ 10:24

ಒಪ್ಪಿದೆ. ಅರಸೀಕೆರೆಗೆ ಬನ್ನಿ, ಹುಬ್ಬಳ್ಳಿ ಕಡೆಯ ಗಾಡಿಗಳೆಲ್ಲ ಇವೆ, ಒಂದು ತಪ್ಪಿದರೆ ಇನ್ನೊಂದು. ಅಲ್ಲಿಂದ ಹಾಸನಕ್ಕೆ ಬಸ್ಸು ಅಂತ ಮಾತ್ರ ಕೇಳಬೇಡಿ, ಆ ರಾತ್ರಿ ಹೊತ್ತಲ್ಲಿ ನಾನೂ ಸುಮ್ನಾಗುತ್ತೇನೆ.

ನಿವೃತ್ತ ಮೇಷ್ಟ್ರು
ಸೋಮವಾರ ಮಧ್ಯಾಹ್ನ 12:40

ಎಲ್ಲರ ಬರಹ ಓದಿದೆ. ಸಂತೋಷ. ನಾನು ತಿಂಗಳಿಗೊಮ್ಮೆಯಾದರೂ ಮೊಮ್ಮಗನನ್ನು ನೋಡಲು ಹೋಗುತ್ತೇನೆ. ಅರವತ್ತು ದಾಟಿದವರಿಗೆ ಬಸ್ಸಿನಲ್ಲಿ ನೂರಕ್ಕೆ 25 ರಿಯಾಯಿತಿ ಇದೆ. ನಮ್ಮ ಮನೆಯವರಿಗೆ ಪೂರ್ತಿ ಉಚಿತ, ನನಗೆ ಕಾಲು ಭಾಗ ಉಚಿತ. ಮನೆಯಲ್ಲಿ ಯಾರ ಬೆಲೆ ಎಷ್ಟು ಅಂತ ಸರ್ಕಾರವೇ ತೀರ್ಮಾನ ಮಾಡಿದೆ ಅಂತ ಅವರು ಹೇಳುತ್ತಿರುತ್ತಾರೆ.

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗುವುದು ನನ್ನ ಕ್ರಮ. ಮೊಮ್ಮಗನಿಗೆ ಬಂಡೆ ಹತ್ತುವುದು ಇಷ್ಟ. ಆ ಬಂಡೆಗೆ ಮುನ್ನೂರು ಕೋಟಿ ವರ್ಷ ಅಂತ ಹೇಳಿದರೆ "ತಾತಾ, ನಿಮಗಿಂತ ಹಳೇದಾ?" ಅಂತಾನೆ. ಹೈದರ್ ಅಲಿ 1760ರಲ್ಲಿ ಶುರು ಮಾಡಿದ ತೋಟ, ಗಾಜಿನ ಮನೆ 1889ರದ್ದು, ಇದೆಲ್ಲ ಹೇಳಲು ಹೋದೆ. ಅವನ ಗಮನವೆಲ್ಲ ಸೌತೆಕಾಯಿಗೆ ಖಾರದ ಪುಡಿ ಹಚ್ಚುವವನ ಕೈ ಮೇಲೆ. ಸರಿ, ಅವನ ಪಾಠ ಅದು.

ನಷ್ಟ ಅಂದರೆ ನಮ್ಮ ಕಾಲದ ಕೆಂಪೇಗೌಡ ರಸ್ತೆ. ಹಾಸನದಿಂದ ಮೊದಲ ಬಸ್ಸಿಗೆ ಬಂದು, ಮ್ಯಾಟಿನಿ ನೋಡಿ, ಕೊನೇ ಬಸ್ಸಿಗೆ ಹೋಗುತ್ತಿದ್ದ ಹುಡುಗರು ನಾವು. 1968ರಲ್ಲಿ ಶುರುವಾದ ಕಪಾಲಿ ಚಿತ್ರಮಂದಿರದ ಪರದೆ ನೋಡಿ ಬಾಯಿ ಬಿಟ್ಟುಕೊಂಡು ಕೂತಿದ್ದು ಇನ್ನೂ ಕಣ್ಣಲ್ಲಿದೆ. ಹಳೇ ಕಪಾಲಿ 2017ರಲ್ಲಿ ಹೋಯಿತು. ಮೆಜೆಸ್ಟಿಕ್‌ನಲ್ಲಿ ಇಳಿದಾಗಲೆಲ್ಲ ಕಾಲು ತಾನೇ ಆ ಕಡೆ ತಿರುಗುತ್ತದೆ. ಮಗ "ಅಪ್ಪಾ, ಮೆಟ್ರೋ ಈ ಕಡೆ" ಅಂತ ಕೈ ಹಿಡಿದು ಎಳೆಯುತ್ತಾನೆ.

ಗಿರಿ ತಪ್ಪಲು
ಸೋಮವಾರ ಮಧ್ಯಾಹ್ನ 3:10

ಬೆಂಗಳೂರಿಗೆ ಹೋದವರ ಕತೆ ಆಯಿತು. ಊರಲ್ಲೇ ಉಳಿದವರ ನಷ್ಟ ಯಾರು ಬರೆಯುತ್ತಾರೆ? ನಾನು ಚಿಕ್ಕಮಗಳೂರು. ಭಾನುವಾರ ಕೈಮರದ ಆಚೆ ಇರುವ ಅಕ್ಕನ ಮನೆಗೆ ಹೋಗಬೇಕು ಅಂದರೆ ಬೆಂಗಳೂರಿನ ನಂಬರ್ ಪ್ಲೇಟುಗಳ ಹಿಂದೆ ಸಾಲು ನಿಲ್ಲಬೇಕು. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರದ ಶಿಖರ ಅಂತ ಶಾಲೆಯಲ್ಲಿ ಹೆಮ್ಮೆಯಿಂದ ಬರೆದಿದ್ದೆವು. ಈಗ ಅದು ಗೊತ್ತಿಲ್ಲದವರೇ ಇಲ್ಲ, ಅದೇ ತೊಂದರೆ. ಗಿರಿಗೆ ಆನ್‌ಲೈನ್ ಬುಕಿಂಗ್ ಬಂದ ಮೇಲೆ, ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ ಮಾಡಿದ ಮೇಲೆ ಸ್ವಲ್ಪ ಉಸಿರಾಡುವ ಹಾಗಿದೆ. ಆದರೂ ದೀಪಾವಳಿ, ಕ್ರಿಸ್‌ಮಸ್ ರಜೆಯಲ್ಲಿ ಐ.ಜಿ. ರಸ್ತೆ ದಾಟುವವನಿಗೆ ಬಹುಮಾನ ಕೊಡಬೇಕು.

ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಆ ಕಡೆಯವರ ಪಾಡೂ ಇದೇ ಇರಬೇಕು.

ಕಾಫಿಕಣ
ಸೋಮವಾರ ಮಧ್ಯಾಹ್ನ 3:25

ನೀವು ಹೇಳುವುದು ನಿಜ. ಆದರೆ ನಮ್ಮ ಪಕ್ಕದ ಮನೆಯವರು ಹೋಮ್‌ಸ್ಟೇ ಮಾಡಿದ್ದಾರೆ. ಮಳೆ ಕೈಕೊಟ್ಟು ಹೂವು ಕಟ್ಟದ ವರ್ಷ ಅವರ ಮನೆ ನಡೆದಿದ್ದು ಆ ನಂಬರ್ ಪ್ಲೇಟುಗಳಿಂದಲೇ. ಬರಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಪ್ಲಾಸ್ಟಿಕ್ ಬಾಟಲಿ ಕಾಫಿ ಗಿಡದ ಬುಡಕ್ಕೆ ಎಸೆಯಬೇಡಿ ಅನ್ನಲು ಬರುತ್ತದೆ.

ಗಿರಿ ತಪ್ಪಲು
ಸೋಮವಾರ ಮಧ್ಯಾಹ್ನ 3:31

ಬಾಟಲಿ ವಿಷಯಕ್ಕೆ ನನ್ನದೂ ಒಂದು ಸಹಿ.

ಹಾಸನದ ಹೈದ
ಸೋಮವಾರ ಸಂಜೆ 6:05

ಎಂಟನೇ ಮೈಲಿಯವರು ಹೇಳಿದ "ಉಲ್ಟಾ ಪ್ರಯಾಣ" ನನಗೆ ಹೊಳೆದಿರಲೇ ಇಲ್ಲ. ನಿನ್ನೆ ಸಂಜೆ ವಾಪಸ್ ಬರುವಾಗ ನಮ್ಮ ಬಸ್ಸು ನಿಲ್ಲದೇ ಓಡುತ್ತಿತ್ತು, ಎದುರುಗಡೆ ನೆಲಮಂಗಲದಿಂದ ಹೆಡ್‌ಲೈಟಿನ ಸಾಲು ಮುಗಿಯುತ್ತಲೇ ಇರಲಿಲ್ಲ. ಇವರೆಲ್ಲ ಎಲ್ಲಿಂದ ಬರುತ್ತಿದ್ದಾರೆ ಅಂದುಕೊಂಡೆ. ಗಿರಿಯಿಂದ ಅಂತ ಈಗ ಗೊತ್ತಾಯಿತು.

ಇನ್ನೊಂದು ಗಮನಿಸಿದ್ದು. ಮಲ್ಲೇಶ್ವರಕ್ಕೆ ಸಂಪಿಗೆ ರಸ್ತೆ, ಆಮೇಲೆ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ಬಸವನಗುಡಿಗೆ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಜಯನಗರ. ನಾವು ಊರಿಂದ ಹೋದರೆ ನೋಡುವ ಜಾಗವೆಲ್ಲ ಈ ಒಂದೇ ಹಸಿರು ಗೆರೆ ಮೇಲೆ ಇವೆ. ಇದನ್ನು ಬಿಟ್ಟು ಆಚೆ ಈಚೆ ಹೋದರೆ ದಿನ ರಸ್ತೆಯಲ್ಲೇ ಹೋಗುತ್ತದೆ. ನನ್ನ ಗೆಳೆಯ ನೇರಳೆ ಮಾರ್ಗದ ಕೊನೆಯಲ್ಲಿದ್ದಾನೆ, ಪಾಪ.

ಮೆಟ್ರೋ ದರ 2025ರ ಫೆಬ್ರವರಿಯಲ್ಲಿ ಏರಿ ದೂರದ ಪ್ರಯಾಣಕ್ಕೆ 90 ರೂಪಾಯಿವರೆಗೂ ಹೋಯಿತು, ಅದೊಂದು ಚುರುಕು ಮುಟ್ಟಿಸಿತು. ಮೂರು ಜನಕ್ಕೆ ಲೆಕ್ಕ ಹಾಕಿ. ಕಾರ್ಡು ಇದ್ದರೆ ನೂರಕ್ಕೆ ಐದು ಕಮ್ಮಿ. ಅತ್ತೆಯ ಕಾರ್ಡು ಎರವಲು ತಂದಿದ್ದೇನೆ, ವಾಪಸ್ ಕೊಡುವ ನೆಪದಲ್ಲಿ ಇನ್ನೊಮ್ಮೆ ಹೋಗಬೇಕು.

ಎಂಟನೇ ಮೈಲಿ
ಸೋಮವಾರ ಸಂಜೆ 6:30

ಒಂದು ಕಾರ್ಡಲ್ಲಿ ಒಬ್ಬರೇ ಹೋಗೋದು. ಮಿಕ್ಕಿಬ್ಬರಿಗೆ ಫೋನಲ್ಲಿ ಕ್ಯೂಆರ್ ಟಿಕೆಟ್ ತಗೊಳ್ಳಿ, ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಬೇಲೂರಿನವಳು
ಸೋಮವಾರ ರಾತ್ರಿ 8:15

ನಮಸ್ಕಾರ ಎಲ್ಲರಿಗೂ. ಬರುವ ಶನಿವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಅಮ್ಮ ಲಾಲ್‌ಬಾಗ್ ನೋಡಿಲ್ಲ. ಮಂಡಿ ನೋವಿದೆ, ಮೆಟ್ಟಿಲು ಹತ್ತಲು ಆಗುವುದಿಲ್ಲ. ಮಾದಾವರದಲ್ಲಿ ಇಳಿದರೆ ಕಷ್ಟ ಆಗುತ್ತದಾ? ಮೆಜೆಸ್ಟಿಕ್ಕೇ ವಾಸಿನಾ?

ನಿವೃತ್ತ ಮೇಷ್ಟ್ರು
ಸೋಮವಾರ ರಾತ್ರಿ 8:40

ಮೆಟ್ರೋ ಸ್ಟೇಷನ್‌ಗಳಲ್ಲಿ ಲಿಫ್ಟ್ ಇರುತ್ತದಮ್ಮ, ಹೆದರಬೇಡಿ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಮೆಟ್ರೋ ತನಕ ನಡೆಯುವುದೇ ಜಾಸ್ತಿ, ಜನವೂ ಜಾಸ್ತಿ. ಮಾದಾವರದಲ್ಲಿ ಹೆದ್ದಾರಿ ದಾಟಬೇಕಾಗುತ್ತದಾ ಅನ್ನುವುದನ್ನು ಮಾತ್ರ ಕಂಡಕ್ಟರ್ ಹತ್ತಿರ ಕೇಳಿಕೊಂಡು ಇಳಿಯಿರಿ. ಲಾಲ್‌ಬಾಗ್ ಸ್ಟೇಷನ್ನಿಂದ ತೋಟದ ಪಶ್ಚಿಮದ ಗೇಟು ಹತ್ತಿರ. ಒಳಗೆ ಬ್ಯಾಟರಿ ಗಾಡಿ ಇದೆ, ಅದರಲ್ಲಿ ಕೂರಿಸಿ. ಬಂಡೆ ಹತ್ತಿಸಲು ಹೋಗಬೇಡಿ, ಕೆಳಗಿಂದಲೇ ತೋರಿಸಿ. ಹತ್ತು ಗಂಟೆಯೊಳಗೆ ಹೋದರೆ ಬಿಸಿಲೂ ಕಮ್ಮಿ.

ಬೇಲೂರಿನವಳು
ಸೋಮವಾರ ರಾತ್ರಿ 8:44

ತುಂಬಾ ಉಪಕಾರ ಮೇಷ್ಟ್ರೇ. ವಾಪಸ್ ಬರುವಾಗಲೂ ಮಾದಾವರದಲ್ಲೇ ನಿಂತರೆ ಬಸ್ಸು ಸಿಗುತ್ತದಾ?

ಹೊಳೆ ದಂಡೆ
ಸೋಮವಾರ ರಾತ್ರಿ 8:52

ಬೇಡ ಕಣ್ರೀ. ಬರುವಾಗ ಮಾತ್ರ ಮೆಜೆಸ್ಟಿಕ್‌ಗೇ ಹೋಗಿ ಹತ್ತಿ. ಅಮ್ಮನಿಗೆ ಕೂರಲು ಸೀಟು ಬೇಕಲ್ಲ, ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದು ನಿಂತರೆ ತುಂಬಿದ ಬಸ್ಸೇ ಬರುತ್ತದೆ. ಮತ್ತೆ ಇಬ್ಬರ ಆಧಾರ್ ಕಾರ್ಡೂ ಇಟ್ಟುಕೊಳ್ಳಿ, ಕರ್ನಾಟಕದ ವಿಳಾಸ ಇರಬೇಕು. ಒಬ್ಬರದ್ದು ತೋರಿಸಿ ಇಬ್ಬರಿಗೆ ಕೇಳಿದರೆ ಕೊಡುವುದಿಲ್ಲ.

ಬೇಲೂರಿನವಳು
ಸೋಮವಾರ ರಾತ್ರಿ 8:55

ಅಯ್ಯೋ, ಅಮ್ಮನ ಆಧಾರ್ ಅಣ್ಣನ ಮನೆಯಲ್ಲಿದೆ, ಅರಕಲಗೂಡಲ್ಲಿ. ನಾಳೆಯೇ ಫೋನ್ ಮಾಡಿ ಯಾರ ಕೈಲಾದರೂ ಕಳಿಸು ಅಂತೀನಿ.